ಮಾನ ಹೋಗುವುದು ಯಾವ ಜಾಹೀರಾತಿನಿಂದ?

ಹೆಂಗಸಿನ ಚಿತ್ರವಿರುವ ಬೋರ್ಡಿಗೆ ಮಸಿ ಬಳಿಯುವುದು ನಮ್ಮ ಊರುಗಳಲ್ಲಿ ಪುಣ್ಯದ ಕೆಲಸವೆನಿಸಿಕೊಂಡು ಬಹಳ ಕಾಲವಾಯಿತು. ಮಸಿಯ ಡಬ್ಬ ಹಿಡಿದವನ ಹಣೆಯಲ್ಲಿ ಕುಂಕುಮವಿರಲಿ, ತಲೆಯ ಮೇಲೆ ಟೋಪಿಯಿರಲಿ, ಹೇಳುವ ಮಾತು ಒಂದೇ: ಇದು ನಮ್ಮ ಹೆಣ್ಣುಮಕ್ಕಳ ಮಾನದ ಪ್ರಶ್ನೆ. ಮಾನ ನಮ್ಮದು, ಪ್ರಶ್ನೆ ಅವರದು, ಉತ್ತರವೂ ಅವರದೇ. ನಮ್ಮನ್ನು ಕೇಳಿದವರಿಲ್ಲ. ಕೇಳಿದ್ದರೆ ನಾವು ಬೇರೆ ಬೋರ್ಡನ್ನು ತೋರಿಸುತ್ತಿದ್ದೆವು.

ಚಾಮರಾಜನಗರದ ನಮ್ಮ ಮೊಹಲ್ಲಾದ ತಿರುವಿನಲ್ಲಿ ಒಂದೇ ಕಂಬಕ್ಕೆ ಎರಡು ಫ್ಲೆಕ್ಸ್ ಕಟ್ಟಿದ್ದರು. ಒಂದು ಬಟ್ಟೆ ಅಂಗಡಿಯದು. ಅದರಲ್ಲಿ ತೋಳಿಲ್ಲದ ರವಿಕೆ ತೊಟ್ಟ ಹುಡುಗಿ ನಗುತ್ತಿದ್ದಳು. ಇನ್ನೊಂದು ಚಿನ್ನದ ಅಂಗಡಿಯದು. ಅದರಲ್ಲಿ ತಲೆತುಂಬ ಸೆರಗು ಹೊದ್ದ, ಕಣ್ಣು ತಗ್ಗಿಸಿದ ಮದುಮಗಳು. ಕತ್ತಿನಿಂದ ಸೊಂಟದವರೆಗೆ ಚಿನ್ನ, ಮೊಣಕೈವರೆಗೆ ಬಳೆ. ಮೂರನೆಯ ದಿನ ಬೆಳಿಗ್ಗೆ ನೋಡಿದರೆ ನಗುವ ಹುಡುಗಿಯ ಮುಖಕ್ಕೆ, ತೋಳಿಗೆ ಮಸಿ. ತಲೆ ತಗ್ಗಿಸಿದವಳ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಬಳಿದ ಹುಡುಗರಲ್ಲಿ ಇಬ್ಬರ ನಿಕಾಹ್ ಗೊತ್ತಾಗಿತ್ತೆಂದೂ, ಒಬ್ಬನಿಗೆ ಮೋಟಾರ್ ಸೈಕಲ್ಲಿನ ಜೊತೆಗೆ ನಗದು ಒಪ್ಪಂದವಾಗಿತ್ತೆಂದೂ ಇಡೀ ಮೊಹಲ್ಲಾಕ್ಕೆ ಗೊತ್ತು. ಆ ಮೋಟಾರ್ ಸೈಕಲ್ಲಿಗೆ ಬಳಿಯಲು ಮಸಿ ಉಳಿದಿರಲಿಲ್ಲವೇನೋ.

ನಾನು ಮುಸ್ಲಿಂ ಹೆಂಗಸು. ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಆದ್ದರಿಂದ ನನ್ನ ಮನೆಯ ಕಸವನ್ನು ಮೊದಲು ಗುಡಿಸಿ, ಆಮೇಲೆ ಪಕ್ಕದ ಅಂಗಳಕ್ಕೆ ಬರುತ್ತೇನೆ. ಪಕ್ಕದ ಅಂಗಳವೇನೂ ಗುಡಿಸಿಟ್ಟಂತಿಲ್ಲ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕೆಲವರು ಈ ಲೇಖನದ ಅರ್ಧ ಭಾಗವನ್ನಷ್ಟೇ ಓದಿ ಚಪ್ಪಾಳೆ ತಟ್ಟುತ್ತಾರೆ.

'ವರದಕ್ಷಿಣೆ ನಮ್ಮಲ್ಲಿಲ್ಲ, ಅದು ಹಿಂದೂಗಳ ಪದ್ಧತಿ' ಎಂದು ನಮ್ಮ ಜಮಾತಿನ ಹಿರಿಯರು ವೇದಿಕೆಯ ಮೇಲೆ ಹೇಳುತ್ತಾರೆ. ವೇದಿಕೆ ಇಳಿದ ಮೇಲೆ 'ಜೋಡೆ ಕಿ ರಕಮ್ ಎಷ್ಟು?' ಎಂದು ಕೇಳುತ್ತಾರೆ. ಜೋಡೆ ಎಂದರೆ ಮದುಮಗನ ಬಟ್ಟೆಯ ಜೊತೆ. ಬಟ್ಟೆಯ ಖರ್ಚೆಂದು ಶುರುವಾದದ್ದು ಇಂದು ಲಕ್ಷಗಳ ಲೆಕ್ಕ. ಅದರ ಮೇಲೆ ಜಹೇಜ್: ಮಂಚ, ಬೀರು, ಪಾತ್ರೆ, ಈಚೆಗೆ ವಾಷಿಂಗ್ ಮೆಷಿನ್. ಕುರಾನಿನ ನಾಲ್ಕನೆಯ ಅಧ್ಯಾಯದ ಹೆಸರೇ 'ಅನ್ನಿಸಾ', ಹೆಂಗಸರು. ಗಂಡು ಹೆಣ್ಣಿಗೆ ಮೆಹರ್ ಕೊಡಬೇಕೆಂಬ ಅಪ್ಪಣೆ ಅದರ ಮೊದಲಲ್ಲೇ ಇದೆ. ಹಣ ಗಂಡಿನ ಕೈಯಿಂದ ಹೆಣ್ಣಿನ ಕೈಗೆ ಹೋಗಬೇಕು. ನಾವು ನದಿಯನ್ನು ತಿರುಗಿಸಿ ಬೆಟ್ಟಕ್ಕೆ ಹರಿಸಿದ್ದೇವೆ.

ಇನ್ನೊಂದು ಕುಯುಕ್ತಿಯೂ ಚಲಾವಣೆಯಲ್ಲಿದೆ. 1961ರ ವರದಕ್ಷಿಣೆ ನಿಷೇಧ ಕಾಯಿದೆ ಮುಸ್ಲಿಮರಿಗೆ ಅನ್ವಯಿಸುವುದಿಲ್ಲವೆಂದು ಹೇಳಿ ನಮ್ಮ ಹೆಣ್ಣುಮಕ್ಕಳನ್ನು ಠಾಣೆಯ ಮೆಟ್ಟಿಲಿನಿಂದ ಹಿಂದಕ್ಕೆ ಕಳಿಸುವವರಿದ್ದಾರೆ. ಕಾಯಿದೆಯ ಎರಡನೆಯ ಕಲಂ ಹೊರಗಿಟ್ಟಿರುವುದು ಮೆಹರನ್ನು ಮಾತ್ರ. ಗಂಡು ಹೆಣ್ಣಿಗೆ ಕೊಡುವುದನ್ನು ವರದಕ್ಷಿಣೆ ಎಂದು ಕರೆಯಬಾರದೆಂದು ಹೊರಗಿಟ್ಟಿದೆ. ಜೋಡೆಯನ್ನು ಹೊರಗಿಟ್ಟಿಲ್ಲ, ಜಹೇಜನ್ನೂ ಹೊರಗಿಟ್ಟಿಲ್ಲ. ಇಸ್ಲಾಮಿ ಗಣರಾಜ್ಯವಾದ ಪಾಕಿಸ್ತಾನವೇ 1976ರಲ್ಲಿ ಕಾನೂನು ಮಾಡಿ ಜಹೇಜಿನ ಮೊತ್ತ 5,000 ರೂಪಾಯಿ ಮೀರಬಾರದೆಂದು ಕಟ್ಟಳೆ ಹಾಕಿತು. ಬಾಂಗ್ಲಾದೇಶ 1980ರಲ್ಲಿ ನಿಷೇಧಿಸಿತು. ಇಲ್ಲದ ರೋಗಕ್ಕೆ ಎರಡು ಮುಸ್ಲಿಂ ದೇಶಗಳು ಮದ್ದು ಅರೆದವೇ?

1986ನೇ ಇಸವಿಯನ್ನು ನಾನು ಮರೆಯಲಾರೆ. ಆಗಿನ್ನೂ ಕೆಲಸಕ್ಕೆ ಸೇರಿದ ಹೊಸತು. ಅದರ ಹಿಂದಿನ ವರ್ಷ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಇಂದೋರಿನ ಮುದುಕಿ ಶಾ ಬಾನೊಗೆ ಜೀವನಾಂಶ ಸಲ್ಲಬೇಕೆಂದು ಹೇಳಿತ್ತು. ಎಷ್ಟು? ತಿಂಗಳಿಗೆ 179 ರೂಪಾಯಿ 20 ಪೈಸೆ. ಅಷ್ಟು ದುಡ್ಡಿಗೆ ಧರ್ಮ ಅಪಾಯದಲ್ಲಿದೆಯೆಂದು ಗಂಡಸರು ಬೀದಿಗಿಳಿದರು. 1986ರ ಮೇ ತಿಂಗಳಲ್ಲಿ ಪಾರ್ಲಿಮೆಂಟು ಬೇರೆ ಕಾನೂನು ಮಾಡಿ ಅವರನ್ನು ಸಮಾಧಾನಪಡಿಸಿತು. ಅದೇ ವರ್ಷ ಡಿಸೆಂಬರ್ 7ರಂದು ಬೆಂಗಳೂರಿನ ಡೆಕ್ಕನ್ ಹೆರಾಲ್ಡ್ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಒಂದು ಕತೆ ಬಂತು. ಅದರ ಶೀರ್ಷಿಕೆಯಲ್ಲಿದ್ದ ಒಂದು ಹೆಸರಿಗಾಗಿ ಗಲಭೆಯೆದ್ದು, ಗೋಲಿಬಾರಾಗಿ ಜೀವಗಳು ಹೋದವು. ಬೆಂಕಿ ಮೈಸೂರಿಗೂ ಹಬ್ಬಿತು. ಸತ್ತವರ ಮನೆಯ ಹೆಂಗಸರು ಆ ಕತೆಯನ್ನು ಓದಿರಲಿಲ್ಲ. ಬಹುಪಾಲು ಗಂಡಸರೂ ಓದಿರಲಾರರು, ಅದು ಇಂಗ್ಲಿಷಿನಲ್ಲಿತ್ತು.

ಆ ಗದ್ದಲದಲ್ಲಿ ಎರಡು ವಿಷಯಗಳು ಯಾರ ಕಣ್ಣಿಗೂ ಬೀಳದೆ ಹೋದವು. ಕತೆ ಅಚ್ಚಾಗುವ ಮೂರು ವಾರ ಮುಂಚೆ, ನವೆಂಬರ್ 19ರಂದು, ವರದಕ್ಷಿಣೆ ನಿಷೇಧ ಕಾಯಿದೆಗೆ ಒಂದು ತಿದ್ದುಪಡಿ ಜಾರಿಗೆ ಬಂದಿತ್ತು. ಅದರಲ್ಲಿ 4-ಎ ಎಂಬ ಹೊಸ ಕಲಂ. ಮಗ, ಮಗಳು ಅಥವಾ ಬಂಧುವಿನ ಮದುವೆಗೆ ಪ್ರತಿಫಲವಾಗಿ ಆಸ್ತಿಯಲ್ಲಿ ಪಾಲು, ಹಣ ಅಥವಾ ವ್ಯಾಪಾರದಲ್ಲಿ ಭಾಗ ಕೊಡುತ್ತೇವೆಂದು ಪತ್ರಿಕೆಯಲ್ಲಿ ಅಥವಾ ಬೇರಾವುದೇ ಮಾಧ್ಯಮದಲ್ಲಿ ಜಾಹೀರಾತು ಕೊಡುವುದು ಅಪರಾಧ. ಅಂಥದ್ದನ್ನು ಅಚ್ಚು ಹಾಕುವುದು, ಹಂಚುವುದೂ ಅಪರಾಧ. ಆರು ತಿಂಗಳಿಗೆ ಕಡಿಮೆಯಿಲ್ಲದೆ ಐದು ವರ್ಷದವರೆಗೆ ಜೈಲು ಅಥವಾ 15,000 ರೂಪಾಯಿವರೆಗೆ ದಂಡ. ಅದೇ ಡಿಸೆಂಬರಿನಲ್ಲಿ ಹೆಂಗಸರನ್ನು ಜಾಹೀರಾತಿನಲ್ಲಿ ಅಸಭ್ಯವಾಗಿ ಚಿತ್ರಿಸುವುದನ್ನು ನಿಷೇಧಿಸುವ ಕಾಯಿದೆಯೂ ಆಯಿತು. ಎರಡು ಕಾನೂನುಗಳೂ ಒಂದೇ ವರ್ಷದ ಅವಳಿ ಮಕ್ಕಳು. ಒಂದನ್ನು ಎಲ್ಲರೂ ಎತ್ತಿ ಆಡಿಸಿದರು. ನಟಿಯ ಸೊಂಟ ಕಂಡಾಗಲೆಲ್ಲ ಅದರ ಹೆಸರು ಹೇಳುತ್ತಾರೆ. ಇನ್ನೊಂದು ಕೂಸಿಗೆ ಹೆಸರಿಡಲೂ ಯಾರೂ ಬರಲಿಲ್ಲ. 4-ಎ ಕಲಮಿನಡಿ ಕೇಸು ಹಾಕಿದ್ದನ್ನು ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಕಡೆ ನಾನು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕೇಳಿಲ್ಲ. 'ಒಬ್ಬಳೇ ಮಗಳು, ಪಟ್ಟಣದಲ್ಲಿ ಸೈಟಿದೆ, ಅಳಿಯನಿಗೆ ಅಂಗಡಿ ಹಾಕಿಕೊಡಲಾಗುವುದು' ಎಂಬ ಸಾಲುಗಳನ್ನು ಮಾತ್ರ ಬೇಕಾದಷ್ಟು ಓದಿದ್ದೇನೆ. ಈಗ ಅವು ವಾಟ್ಸಾಪಿನ ಬಯೋಡಾಟಾಗಳಲ್ಲಿ ಓಡಾಡುತ್ತವೆ. 'ಬೇರಾವುದೇ ಮಾಧ್ಯಮ' ಎಂಬ ಮಾತು ಅದಕ್ಕೂ ಸಲ್ಲುತ್ತದೆ ಎಂದು ನಿಮ್ಮ ಸಂಘದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ಗೆಳತಿಯರೇ, ಬಾಯಿ ತೆರೆದ ಹೆಂಗಸಿಗೆ ಆಗುವುದೇನೆಂದು ನಮಗೆ ದೂರದ ಉದಾಹರಣೆ ಬೇಕಿಲ್ಲ. ಕಾಸರಗೋಡಿನಲ್ಲಿ ಹುಟ್ಟಿ ಕನ್ನಡದಲ್ಲಿ ಬರೆದ ಸಾರಾ ಅಬೂಬಕ್ಕರ್ 'ಚಂದ್ರಗಿರಿಯ ತೀರದಲ್ಲಿ' ಬರೆದು ತಲಾಖಿನ ಹೆಸರಿನಲ್ಲಿ ಹೆಣ್ಣಿನ ಬದುಕು ಹೇಗೆ ಅಪ್ಪ, ಗಂಡಂದಿರ ಹಟದ ಆಟವಾಗುತ್ತದೆಂದು ತೋರಿಸಿದರು. 1985ರಲ್ಲಿ ಪುತ್ತೂರಿನ ಸಭೆಯಲ್ಲಿ ಅವರ ಬಾಯಿ ಮುಚ್ಚಿಸಲು ಗುಂಪೊಂದು ಬಂತು. ಅವರು ಹೆದರಲಿಲ್ಲ, 2023ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ಮಾತನ್ನು ಹಿಂದಕ್ಕೆ ಪಡೆಯಲಿಲ್ಲ. ಹಾಸನದ ವಕೀಲೆ ಬಾನು ಮುಷ್ತಾಕ್, ಮುಸ್ಲಿಂ ಹೆಂಗಸರಿಗೂ ಮಸೀದಿಯ ಪ್ರವೇಶ ಬೇಕೆಂದದ್ದಕ್ಕೆ 2000ದಲ್ಲಿ ಸಾಮಾಜಿಕ ಬಹಿಷ್ಕಾರ ಅನುಭವಿಸಿದರು. ಒಬ್ಬ ಚಾಕು ಹಿಡಿದೂ ಬಂದ. ಅದೇ ಬಾನು ಅವರ ಕತೆಗಳಿಗೆ 2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿಯವರ ಅನುವಾದದ ಮೂಲಕ ಅಂತರರಾಷ್ಟ್ರೀಯ ಬೂಕರ್ ಬಂತು. ಕನ್ನಡಕ್ಕೆ ಅದು ಮೊದಲನೆಯದು. ಸರ್ಕಾರ ಅವರನ್ನು ಮೈಸೂರು ದಸರಾ ಉದ್ಘಾಟನೆಗೆ ಕರೆಯಿತು. ಆಗ ಬೇರೆ ಗುಂಪು ಎದ್ದು ಬಂತು: ಮುಸ್ಲಿಂ ಹೆಂಗಸು ಚಾಮುಂಡಿ ಬೆಟ್ಟದ ಮೇಲೆ ದೀಪ ಹಚ್ಚುವುದೇ? ಹೈಕೋರ್ಟು ಸೆಪ್ಟೆಂಬರ್ 15ರಂದು, ಸುಪ್ರೀಂ ಕೋರ್ಟು 19ರಂದು ಆ ತಕರಾರನ್ನು ತಳ್ಳಿಹಾಕಿದವು. 22ರಂದು ಅವರು ಹೋಗಿ ಉದ್ಘಾಟಿಸಿದರು. ಮಸೀದಿಗೆ ಬರಬೇಡ ಎಂದವರು ಒಂದು ಕಡೆ, ಬೆಟ್ಟಕ್ಕೆ ಬರಬೇಡ ಎಂದವರು ಇನ್ನೊಂದು ಕಡೆ. ಇಪ್ಪತ್ತೈದು ವರ್ಷದ ಅಂತರದಲ್ಲಿ ಇಬ್ಬರೂ ಕೂಡಿ ಒಬ್ಬ ಹೆಂಗಸಿಗೆ ಬಾಗಿಲು ಹಾಕಲು ಹೋದರು.

ಜಾಹೀರಾತಿಗೇ ಬರೋಣ. 2020ರ ಅಕ್ಟೋಬರಿನಲ್ಲಿ ತನಿಷ್ಕ್ ಒಡವೆಯ ಜಾಹೀರಾತೊಂದು ಬಂತು. ಬೆಂಗಳೂರಿನಲ್ಲಿ ಕಚೇರಿ, ಹೊಸೂರಿನಲ್ಲಿ ಕಾರ್ಖಾನೆ ಇರುವ ಟೈಟನ್ ಕಂಪನಿಯದು ಅದು. ಮುಸ್ಲಿಂ ಅತ್ತೆ ತನ್ನ ಹಿಂದೂ ಸೊಸೆಗೆ ಸೀಮಂತ ಮಾಡುತ್ತಾಳೆ, ಅಷ್ಟೇ. ನಮ್ಮ ಮನೆಗಳಲ್ಲೂ ಏಳನೆಯ ತಿಂಗಳಿಗೆ 'ಸತ್ವಾಸಾ' ಎಂದು ಹೂಮುಡಿಸಿ ಬಳೆ ತೊಡಿಸುತ್ತೇವೆ, ಅದರಲ್ಲಿ ಲೋಕ ಮುಳುಗುವಂಥದ್ದೇನೂ ಇಲ್ಲ. ಲವ್ ಜಿಹಾದ್ ಎಂದು ಕೂಗೆದ್ದಿತು. ಕಂಪನಿ ಜಾಹೀರಾತನ್ನು ಹಿಂತೆಗೆದುಕೊಂಡಿತು. ಗುಜರಾತಿನ ಗಾಂಧಿಧಾಮದಲ್ಲಿ ಅಂಗಡಿಯ ಬಾಗಿಲಿಗೆ ಕ್ಷಮಾಪಣೆಯ ಚೀಟಿ ಅಂಟಿಸಬೇಕಾಯಿತು. ಜಾಹೀರಾತುಗಳ ಗುಣಮಟ್ಟ ನೋಡುವ ಮಂಡಳಿ ಮಾತ್ರ, ಇದರಲ್ಲಿ ತಪ್ಪೇನೂ ಇಲ್ಲವೆಂದು ಹೇಳಿತ್ತು. ಆ ಮಾತು ಯಾರಿಗೂ ಕೇಳಿಸಲಿಲ್ಲ. ನಾನು ಅಂದೂ ಆ ಜಾಹೀರಾತಿನ ಪರವಾಗಿ ಮಾತಾಡಿದ್ದೆ, ಇಂದೂ ಮಾತಾಡುತ್ತೇನೆ. ಆದರೆ ಒಂದನ್ನು ಕೇಳಿ. ಆ ಸೊಸೆಯ ಧರ್ಮ ಯಾವುದು, ಅತ್ತೆಯ ಧರ್ಮ ಯಾವುದು ಎಂದು ದೇಶವೆಲ್ಲ ಚರ್ಚೆ ಮಾಡಿತು. ಸೊಸೆಯನ್ನು ಪ್ರೀತಿಸುವುದಕ್ಕೆ ಚಿನ್ನ ಏಕೆ ಬೇಕು ಎಂದು ಕೇಳಿದವರು ಎಷ್ಟು ಜನ? ಸೊಸೆಯನ್ನು ಹೊಡೆಯದ ಅತ್ತೆ ಟಿವಿಯಲ್ಲಿ ಸಿಕ್ಕಿದ್ದಳು, ಅವಳನ್ನೂ ಓಡಿಸಿದರು.

ಗಡಿಯಾಚೆಗೂ ಇದೇ ಕತೆ. 2012ರಲ್ಲಿ ಸ್ವೀಡನ್ನಿನ ಐಕಿಯಾ ಎಂಬ ಪೀಠೋಪಕರಣದ ಕಂಪನಿ ಸೌದಿ ಅರೇಬಿಯಕ್ಕೆ ಕಳಿಸಿದ ಕ್ಯಾಟಲಾಗಿನಲ್ಲಿ ಹೆಂಗಸರನ್ನೆಲ್ಲ ಅಳಿಸಿಹಾಕಿತ್ತು. ಬೆಳಿಗ್ಗೆ ಸಂಸಾರವೊಂದು ಬಚ್ಚಲಿನ ಕನ್ನಡಿಯ ಮುಂದೆ ನಿಂತಿರುವ ಚಿತ್ರ. ಬೇರೆ ದೇಶದ ಪುಸ್ತಕದಲ್ಲಿ ತಾಯಿ ಇದ್ದಾಳೆ. ಸೌದಿಯದರಲ್ಲಿ ಗಂಡನಿದ್ದಾನೆ, ಮಕ್ಕಳಿದ್ದಾರೆ, ಹೆತ್ತವಳೇ ಇಲ್ಲ. ಮಾನ ಕಾಪಾಡುವುದನ್ನು ಕಡೆಯವರೆಗೂ ಒಯ್ದರೆ ಅದು ಮುಟ್ಟುವ ಜಾಗ ಇದು. ಸ್ವೀಡನ್ನಿನಲ್ಲಿ ಗಲಾಟೆಯಾದ ಮೇಲೆ ಕಂಪನಿ ವಿಷಾದ ಸೂಚಿಸಿತು. ಮಾಲು ಮಾರುವ ಊರಿನಲ್ಲಿ ಹೆಣ್ಣನ್ನು ಅಳಿಸುವುದು, ತನ್ನ ಊರಿನಲ್ಲಿ ಸಮಾನತೆಯ ಮಾತಾಡುವುದು: ವ್ಯಾಪಾರಿಗೆ ಎರಡೂ ಲೆಕ್ಕವೇ.

2019ರಲ್ಲಿ ಪಾಕಿಸ್ತಾನದಲ್ಲಿ ಏರಿಯಲ್ ಸೋಪಿನ ಪುಡಿಯ ಜಾಹೀರಾತು ಬಂತು. ಒಣಗಲು ಹಾಕಿದ ಬಟ್ಟೆಗಳ ಮೇಲೆ 'ಮನೆಯ ನಾಲ್ಕು ಗೋಡೆಯೊಳಗೆ ಇರು', 'ನಾಲ್ಕು ಜನ ಏನಂದಾರು' ಎಂಬಂಥ ಮಾತುಗಳು ಕಲೆಗಳಂತೆ ಅಂಟಿವೆ. ಹೆಂಗಸರು ಅವುಗಳನ್ನು ಸರಿಸಿಕೊಂಡು ಹೊರಬರುತ್ತಾರೆ. ಅವರಲ್ಲಿ ಆ ದೇಶದ ಮಹಿಳಾ ಕ್ರಿಕೆಟ್ ತಂಡದ ನಾಯಕಿ ಬಿಸ್ಮಾ ಮಾರೂಫ್ ಒಬ್ಬರು. ಇದು ಧರ್ಮದ ಅಪಮಾನ, ಏರಿಯಲ್ ಬಹಿಷ್ಕರಿಸಿ ಎಂದು ಕೂಗು ಹಾಕಿದರು. ನಾಲ್ಕು ಜನ ಏನೆನ್ನುತ್ತಾರೆಂದು ಕೇಳಿದ್ದಕ್ಕೆ ನಾಲ್ಕು ಜನ ಬಂದು ಉತ್ತರ ಕೊಟ್ಟಂತಾಯಿತು. ಕ್ರಿಕೆಟ್ ಆಡಿ ಬಂದ ಮೇಲೂ ಬಟ್ಟೆ ಒಗೆಯುವವಳು ಅವಳೇ ಎಂಬುದರ ಬಗ್ಗೆ ಕಂಪನಿಗೂ ತಕರಾರಿರಲಿಲ್ಲ, ಮೌಲ್ವಿಗಳಿಗೂ ತಕರಾರಿರಲಿಲ್ಲ.

ಅದೇ ದೇಶದಲ್ಲಿ 2021ರಲ್ಲಿ ಅಲಿ ಜೀಶಾನ್ ಎಂಬ ವಸ್ತ್ರ ವಿನ್ಯಾಸಕ ವಿಶ್ವಸಂಸ್ಥೆಯ ಮಹಿಳಾ ವಿಭಾಗದ ಜೊತೆ ಸೇರಿ 'ನುಮಾಯಿಶ್' ಎಂಬ ಪ್ರದರ್ಶನ ಮಾಡಿದ. ಎಳೆಯ ಮದುಮಗಳು ಜಹೇಜು ಹೇರಿದ ಗಾಡಿಯನ್ನು ನೊಗಕ್ಕೆ ಕತ್ತು ಕೊಟ್ಟಂತೆ ಎಳೆಯುತ್ತಾಳೆ. ಮೇಲೆ ಮದುಮಗ ಕೂತಿದ್ದಾನೆ. ಆ ಚಿತ್ರ ನೋಡಿ ನನಗೆ ಮೈ ಜುಂ ಎಂದಿತು. ದುಬಾರಿ ಮದುವೆಯ ಬಟ್ಟೆ ಮಾರುವವನೇ ಅದನ್ನು ಮಾಡಿದ್ದು ಎಂಬುದೂ ನಿಜ. ಇರಲಿ, ಕಳ್ಳನ ಕೈಯಲ್ಲಿದ್ದರೂ ದೀಪ ಬೆಳಕನ್ನೇ ಕೊಡುತ್ತದೆ.

ಅದೇ ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ 23 ವರ್ಷದ ಒಬ್ಬ ಮುಸ್ಲಿಂ ಹೆಣ್ಣುಮಗಳು ನಗುನಗುತ್ತ ಕಡೆಯ ವೀಡಿಯೋ ಮಾಡಿ ಸಾಬರಮತಿ ನದಿಯ ಪಾಲಾದಳು. ಕಾರಣ ಜಹೇಜು. ಆಕೆಯ ಗಂಡನಿಗೆ ಮರುವರ್ಷ ಕೋರ್ಟು ಹತ್ತು ವರ್ಷ ಶಿಕ್ಷೆ ಕೊಟ್ಟಿತು. ಪರ್ಸನಲ್ ಲಾ ಬೋರ್ಡು ಸರಳ ನಿಕಾಹ್‌ಗಾಗಿ ಅಭಿಯಾನ ಮಾಡಿತು. ನಮ್ಮ ಮಸೀದಿಯಲ್ಲೂ ಎರಡು ಶುಕ್ರವಾರ ಆ ಬಗ್ಗೆ ಬಯಾನ್ ಆಯಿತು. ಮೂರನೆಯ ಶುಕ್ರವಾರದಿಂದ ಮತ್ತೆ ಹೆಂಗಸರ ಮೊಬೈಲಿನ ವಿಷಯ.

ಹಾಗಾದರೆ ನಾನು ಎಲ್ಲ ಜಾಹೀರಾತುಗಳ ವಕೀಲಳೇ? ಅಲ್ಲ. ಹೆಣ್ಣಿನ ಮೈಯನ್ನು ಟೈರಿಗೂ ಸಿಮೆಂಟಿಗೂ ಅಂಟಿಸಿ ಮಾರುವುದನ್ನು ಮಹಿಳಾ ಚಳವಳಿ ಮೊದಲಿನಿಂದಲೂ ವಿರೋಧಿಸಿದೆ. ಆದರೆ ವಿರೋಧ ಯಾರ ಪಕ್ಕದಲ್ಲಿ ನಿಂತು ಮಾಡುತ್ತೇವೆ ಎಂಬುದೂ ಮುಖ್ಯ. 1996ರ ನವೆಂಬರ್ 23ರಂದು ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ಸೌಂದರ್ಯದ ಮಾರುಕಟ್ಟೆಯನ್ನು ವಿರೋಧಿಸಿದ ಹೆಂಗಸರೂ, ಸಂಸ್ಕೃತಿ ಕೆಟ್ಟಿತೆಂದು ಕೂಗಿದ ಗಂಡಸರೂ ಒಂದೇ ಬೀದಿಯಲ್ಲಿ ನಿಂತರು. ಈಜುಡುಗೆಯ ಸುತ್ತು ಸೇಶೆಲ್ಸ್ ದ್ವೀಪಕ್ಕೆ ಹೋಯಿತು, ಉಳಿದದ್ದು ಇಲ್ಲೇ ನಡೆಯಿತು. ನಾವು ಹೇಳಿದ್ದು ಸೌಂದರ್ಯವರ್ಧಕಗಳ ಕಂಪನಿಗಳ ಬಗ್ಗೆ. ಪತ್ರಿಕೆಗಳು ಬರೆದದ್ದು ಬಟ್ಟೆಯ ಅಳತೆಯ ಬಗ್ಗೆ. ಆಮೇಲೆ 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿನಲ್ಲಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದವರೂ ಸಂಸ್ಕೃತಿಯ ಹೆಸರನ್ನೇ ಹೇಳಿದರು. ಹೊಡೆದದ್ದನ್ನು ಟಿವಿಯಲ್ಲಿ ದೇಶವೇ ನೋಡಿತು, 2018ರಲ್ಲಿ ಸಾಕ್ಷ್ಯ ಸಾಲದೆ ಆರೋಪಿಗಳು ಬಿಡುಗಡೆಯಾದರು.

ಸರಿಯಾದ ವಿರೋಧ ಹೇಗಿರುತ್ತದೆಂದರೆ, 2002ರಲ್ಲಿ ಜನವಾದಿ ಮಹಿಳಾ ಸಂಘಟನೆ ಫೇರ್ ಅಂಡ್ ಲವ್ಲಿ ಕ್ರೀಮಿನ ಜಾಹೀರಾತಿನ ಬಗ್ಗೆ ಮಾನವ ಹಕ್ಕು ಆಯೋಗಕ್ಕೆ ದೂರು ಕೊಟ್ಟದ್ದನ್ನು ನೋಡಿ. 'ಮಗನಿದ್ದಿದ್ದರೆ' ಎಂದು ಅಪ್ಪ ಕೊರಗುತ್ತಾನೆ, ಕಪ್ಪು ಮಗಳು ಕ್ರೀಮು ಹಚ್ಚಿ ಬಿಳಿಯಾಗಿ ಕೆಲಸ ಹಿಡಿಯುತ್ತಾಳೆ. ಇದು ಹೆಣ್ಣಿಗೂ ಬಣ್ಣಕ್ಕೂ ಅವಮಾನ ಎಂದು ಕಾಗದದ ಮೇಲೆ ಬರೆದು, ವಾದ ಮಾಡಿ, 2003ರಲ್ಲಿ ಅದನ್ನು ನಿಲ್ಲಿಸಿದರು. ಯಾರ ಗಾಜೂ ಒಡೆಯಲಿಲ್ಲ. 2020ರಲ್ಲಿ ಆ ಕ್ರೀಮು ತನ್ನ ಹೆಸರಿನಿಂದ 'ಫೇರ್' ಎಂಬುದನ್ನೇ ಕಿತ್ತುಹಾಕಿತು. ಒಳಗಿರುವ ಮುಲಾಮು ಅದೇ ಅಂತೀರಾ? ಇರಬಹುದು. ಹೆಸರು ಕೀಳಿಸಲು ನಮಗೆ ಹದಿನೆಂಟು ವರ್ಷ ಬೇಕಾಯಿತು.

ವ್ಯಾಪಾರಿಯ ಮಾತೂ ವಾಕ್ ಸ್ವಾತಂತ್ರ್ಯದೊಳಗೆ ಬರುತ್ತದೆಂದು 1995ರಲ್ಲಿ ಟಾಟಾ ಪ್ರೆಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆಗಲಿ. ಮಾತಿಗೆ ಮಾತು, ಬೋರ್ಡಿಗೆ ಬೋರ್ಡು. ಆದರೆ ಹೆಣ್ಣಿನ ಜೊತೆ ಹಣ ಕೊಡುತ್ತೇನೆ ಎಂಬುದು ಬರಿಯ ಮಾತಲ್ಲ, ಅದು ಅಪರಾಧದ ವ್ಯಾಪಾರ. ಗಾಂಜಾ ಮಾರುವವನು ಬೋರ್ಡು ಹಾಕಿದರೆ ವಾಕ್ ಸ್ವಾತಂತ್ರ್ಯವೆಂದು ಯಾರೂ ಬಿಡುವುದಿಲ್ಲವಲ್ಲ.

ಈಗ ಚಿನ್ನದ ಬೋರ್ಡಿಗೆ ಬರುತ್ತೇನೆ. ಪುಣಜನೂರಿನಲ್ಲಿ ನಾನು ಬಾಲ್ಯ ಕಳೆದವಳು. ತಂದೆ ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿದ್ದರು. ಆಗ ಆ ಊರಿನಲ್ಲಿ ಜಾಹೀರಾತೆಂದರೆ ಬೀಡಿ ಕಂಪನಿಯ ತಗಡು ಒಂದೇ. ಸುತ್ತಲಿನ ಪೋಡುಗಳಲ್ಲಿ ಸೋಲಿಗರ ಹುಡುಗ ಹುಡುಗಿ ಒಪ್ಪಿ ಕಾಡಿಗೆ ಹೋಗಿ ಬಂದರೆ, ಕುಲದ ಹಿರಿಯರು ಸೇರಿ ತಪ್ಪು ಕಟ್ಟಿಸಿಕೊಂಡು ಸಂಸಾರ ಹೂಡಿಸುತ್ತಿದ್ದರು. ಕೊಡುವುದಿದ್ದರೆ ಗಂಡಿನ ಕಡೆಯವರೇ ಕೊಡಬೇಕು. ನಾಗರಿಕರೆನಿಸಿಕೊಂಡ ನಮಗಿಂತ ಅವರ ಕಟ್ಟಳೆ ಎಷ್ಟೋ ಮೇಲಿತ್ತು. ಈಗ ಅಲ್ಲಿಯೂ ಚಾಮರಾಜನಗರದಿಂದ ಸತ್ಯಮಂಗಲದ ಕಡೆ ಹೋಗುವ ಬಸ್ಸಿನ ಬೆನ್ನ ಮೇಲೆ ಮದುಮಗಳು ಬಂದಿಳಿಯುತ್ತಾಳೆ. ಆನೆ ದಾಟುವ ರಸ್ತೆಯಲ್ಲಿ ಹಾಲ್‌ಮಾರ್ಕ್ ಒಡವೆಯ ಮೆರವಣಿಗೆ.

ತಿಂಗಳಿಗೊಮ್ಮೆ ಅಲ್ಲಿಯ ಮಹಿಳಾ ಸಂಘದ ಲೆಕ್ಕ ನೋಡಲು ಹೋಗುತ್ತೇನೆ. ಸಾಲದ ಪುಸ್ತಕದಲ್ಲಿ ಉದ್ದೇಶದ ಕಾಲಮ್ಮಿನಲ್ಲಿ 'ಹಸು ಸಾಕಣೆ' ಎಂದಿರುತ್ತದೆ. ಕೊಟ್ಟಿಗೆಗೆ ಹೋಗಿ ನೋಡಿದರೆ ಹಸು ಇರುವುದಿಲ್ಲ. ಹಸು ಸರವಾಗಿ ಮಗಳ ಕತ್ತಿಗೆ ಹೋಗಿರುತ್ತದೆ. ಇದು ನಿಮ್ಮ ಸಂಘದಲ್ಲಿ ನಡೆದಿಲ್ಲವೆಂದು ನೀವು ಎದೆ ಮುಟ್ಟಿ ಹೇಳಬಲ್ಲಿರಾ?

ಒಬ್ಬ ಸದಸ್ಯೆಯ ಲೆಕ್ಕವನ್ನು ನಾನು ಕೂತು ಬರೆದೆ. ಆಕೆ ಒಂದು ಚಿನ್ನದ ಅಂಗಡಿಯ ತಿಂಗಳ ಚೀಟಿಗೆ ಹನ್ನೊಂದು ಕಂತು ಕಟ್ಟಿದಳು. ಟಿವಿಯಲ್ಲಿ ಬರುವ ಸಿನಿಮಾ ನಟ 'ಮಗಳೆಂದರೆ ಮಹಾಲಕ್ಷ್ಮಿ' ಎಂದಂಥದೇನೋ ಹೇಳಿದ್ದನಂತೆ. ಕಂತು ಸಾಲದೆ ಸಂಘದಲ್ಲಿ 60,000 ಸಾಲ. ಚಿನ್ನದ ಬೆಲೆಯೋ, 2025ರಲ್ಲಿ ಹತ್ತು ಗ್ರಾಮಿಗೆ ಲಕ್ಷ ದಾಟಿ ನಿಂತಿತ್ತು. ವೇಸ್ಟೇಜು, ಮೇಕಿಂಗ್ ಚಾರ್ಜು, ಜಿಎಸ್‌ಟಿ ಕಳೆದು ಸರ ಕೈಗೆ ಬಂತು. ಗಂಡಿನ ಕಡೆ ತಕ್ಕಡಿಗಿಟ್ಟು ತೂಗಿ ಎರಡು ಗ್ರಾಂ ಕಮ್ಮಿ ಎಂದರು. ಆರು ತಿಂಗಳೊಳಗೆ ಅಳಿಯ ಅದನ್ನು ಗಿರವಿಯಿಟ್ಟ. ಬಡ್ಡಿ ಕಟ್ಟಲಿಲ್ಲ. ಪತ್ರಿಕೆಯ ಒಳಪುಟದಲ್ಲಿ ಸಾಸಿವೆಯಂಥ ಅಕ್ಷರದಲ್ಲಿ ಹರಾಜಿನ ಪ್ರಕಟಣೆ ಬಂತು. ಮಗಳು ಅದನ್ನು ಕೇಳಿದ್ದಕ್ಕೆ ಹೊಡೆತ. ಈಗ ಕೂಸಿನೊಂದಿಗೆ ತೌರಿನಲ್ಲಿದ್ದಾಳೆ. ಸರವಿಲ್ಲ, ಹಸುವಿಲ್ಲ, ಸಂಘದ ಕಂತು ಮಾತ್ರ ವಾರಾವಾರ ತಪ್ಪದೆ ಕಟ್ಟುವುದಿದೆ.

ಒಂದೇ ಸರಕ್ಕೆ ಮೂರು ಜಾಹೀರಾತು ಎಂಬುದನ್ನು ಗಮನಿಸಿದಿರಾ? ಕೊಳ್ಳಿ ಎಂದು ಒಂದು, ದೊಡ್ಡ ಅಕ್ಷರದಲ್ಲಿ. ಒತ್ತೆಯಿಟ್ಟು ಐದು ನಿಮಿಷದಲ್ಲಿ ಹಣ ಪಡೆಯಿರಿ ಎಂದು ಇನ್ನೊಂದು, ಅದೂ ದೊಡ್ಡ ಅಕ್ಷರದಲ್ಲಿ. ಹರಾಜು ಹಾಕುತ್ತೇವೆ ಎಂಬುದೊಂದೇ ಚಿಕ್ಕ ಅಕ್ಷರದಲ್ಲಿ. ಮೂರಕ್ಕೂ ಯಾರೂ ಮಸಿ ಬಳಿದಿಲ್ಲ. ಮದುಮಗಳ ಸೆರಗು ಜಾರಿಲ್ಲವಲ್ಲ.

ಕೇರಳದ ರಾಜ್ಯಪಾಲರಾಗಿದ್ದ ಆರಿಫ್ ಮೊಹಮ್ಮದ್ ಖಾನ್ 2021ರಲ್ಲಿ, ಚಿನ್ನದ ಜಾಹೀರಾತುಗಳಲ್ಲಿ ಮದುಮಗಳನ್ನು ತೋರಿಸಬೇಡಿ, ಗೃಹಿಣಿಯರನ್ನೋ ಮಕ್ಕಳನ್ನೋ ತೋರಿಸಿ ಎಂದು ಅಂಗಡಿಯವರಿಗೆ ಹೇಳಿದರು. ಶಾ ಬಾನೊ ವಿಷಯದಲ್ಲಿ 1986ರಲ್ಲಿ ಮಂತ್ರಿಪದವಿ ಬಿಟ್ಟವರು ಇವರೇ. ಅವರ ರಾಜಕೀಯದ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಈ ಒಂದು ಮಾತು ಮಾತ್ರ ಅಳತೆ ಮಾಡಿ ಆಡಿದ್ದು. ಅಷ್ಟಕ್ಕೇ ನಿಂತರೆ ಸಾಲದು ಎಂಬುದು ನನ್ನ ತಕರಾರು. ಮದುಮಗಳನ್ನು ಚಿತ್ರದಿಂದ ತೆಗೆದರೆ ಮದುವೆಯ ತಕ್ಕಡಿ ಹೋಗುವುದಿಲ್ಲ.

ತಕ್ಕಡಿಯನ್ನು ಬೆಳಕಿಗೆ ತರಬೇಕು. ಅದಕ್ಕೆ ದಾರಿಯೂ ಇದೆ. ಮದುವೆಯಲ್ಲಿ ವಧುವರರಿಗೆ ಕೊಟ್ಟ ವಸ್ತುಗಳ ಪಟ್ಟಿಯನ್ನು ಬೆಲೆಸಮೇತ ಬರೆದು ಇಬ್ಬರೂ ಸಹಿ ಹಾಕಿ ಇಟ್ಟುಕೊಳ್ಳಬೇಕೆಂದು 1985ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಬೇರೆಯವರ ಕೈಸೇರಿದ ವರದಕ್ಷಿಣೆಯನ್ನು ಮೂರು ತಿಂಗಳೊಳಗೆ ಹೆಣ್ಣಿಗೇ ವಹಿಸಬೇಕೆಂದು ಕಾಯಿದೆಯ ಆರನೆಯ ಕಲಂ ಹೇಳುತ್ತದೆ. ಪುಣಜನೂರಿನ ಆ ಹುಡುಗಿಯ ಬಳಿ ಪಟ್ಟಿಯೊಂದಿದ್ದಿದ್ದರೆ ಸರ ಇತ್ತೆಂದು ಸಾಬೀತು ಮಾಡಲು ಫೋಟೋ ಹುಡುಕಬೇಕಾಗಿರಲಿಲ್ಲ. ಸಂಘದಿಂದ ಮದುವೆಗೆ ಸಾಲ ಹೋದರೆ ಉದ್ದೇಶದ ಕಾಲಮ್ಮಿನಲ್ಲಿ ಹಸುವಿನ ಹೆಸರು ಬೇಡ, 'ವರದಕ್ಷಿಣೆ' ಎಂದೇ ಬರೆಯಿರಿ. ಹಾಗೆ ಬರೆದ ಅರ್ಜಿಗೆ ಹತ್ತು ಹೆಂಗಸರು ಹೆಬ್ಬೆಟ್ಟು ಒತ್ತುತ್ತಾರೋ ನೋಡೋಣ.

ನಮ್ಮವರಿಗೆ ಇನ್ನೊಂದು ಮಾತು. ನಿಕಾಹಿನ ದಿನ ಮೆಹರಿನ ಮೊತ್ತವನ್ನು ಎಲ್ಲರ ಮುಂದೆ ಜೋರಾಗಿ ಓದುತ್ತೀರಿ, ದಫ್ತರಿನಲ್ಲಿ ಬರೆಯುತ್ತೀರಿ. ಹಿಂದಿನ ರಾತ್ರಿ ಕೈಬದಲಾದ ಜೋಡೆಯ ಮೊತ್ತವನ್ನೂ ಅದೇ ಮೈಕಿನಲ್ಲಿ ಓದಿ. ಅದರ ಪಕ್ಕದ ಕಾಲಮ್ಮಿನಲ್ಲೇ ಬರೆಯಿರಿ. ಧರ್ಮಕ್ಕೆ ಸಮ್ಮತವಾದ ಹಣವಾದರೆ ಹೇಳಲು ನಾಚಿಕೆ ಏಕೆ? ಇದನ್ನೇ ನಾವು ಮೊಹಲ್ಲಾದ ಹದಿನಾಲ್ಕು ಹೆಂಗಸರು ಸಹಿ ಮಾಡಿ, ಉರ್ದು ಮತ್ತು ಕನ್ನಡ ಎರಡರಲ್ಲೂ ಬರೆದು, ಮುತವಲ್ಲಿಯವರಿಗೆ ಅರ್ಜಿ ಕೊಟ್ಟಿದ್ದೇವೆ. 'ಇದು ಹೆಂಗಸರ ಕೆಲಸವಲ್ಲ' ಎಂದು ಬಾಯಿಮಾತಿನ ಉತ್ತರ ಬಂದಿದೆ. ಬರಹದ ಉತ್ತರ ಬೇಕೆಂದು ಮತ್ತೆ ಬರೆದಿದ್ದೇವೆ. ಈ ಸಲ ಸಹಿಗಳು ಮೂವತ್ತೊಂದು.